ಕೆರಳಿದ ಕಡಲಿನಲ್ಲಿ ಬೋಟ್ ಡೈವ್: ಮುನ್ಸೂಚನೆಯಿಂದ ಏಣಿಯವರೆಗೆ, ಹಂತ ಹಂತವಾಗಿ

ಶಾಂತ ನೀರಿನಲ್ಲಿ ಹತ್ತಾರು ಸ್ಕೂಬಾ ಡೈವ್ ಮಾಡಿದವರೂ ಅಲೆ ಎದ್ದ ದಿನ ಬೋಟ್‌ನ ಮೇಲೆ ಸೋಲುತ್ತಾರೆ. ಸೋಲುವ ರೀತಿಯೂ ಹೆಚ್ಚು ಕಡಿಮೆ ಒಂದೇ. ಜಾಗ ತಲುಪಿ ಬೋಟ್ ನಿಂತ ಮೇಲೆ ಚೀಲ ಬಿಚ್ಚುತ್ತಾರೆ. ತಲೆ ಬಗ್ಗಿಸಿ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ) ಜೋಡಿಸುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಆಮೇಲೆ ಎಲ್ಲವೂ ಗಡಿಬಿಡಿ: ಅರ್ಧ ತೆರೆದ ಸಿಲಿಂಡರ್, ತಿರುಚಿಕೊಂಡ ಪಟ್ಟಿ, ನೀರಿಗೆ ಬಿದ್ದ ಕ್ಷಣಕ್ಕೇ ಕಳಚಿಹೋದ ಮಾಸ್ಕ್. ದಿನ ಕೆಡುವುದು ಇಳಿಯುವ ಮುಂಚಿನ ಇಪ್ಪತ್ತು ನಿಮಿಷದಲ್ಲಿ, ಇಲ್ಲವೇ ಕೊನೆಯಲ್ಲಿ ಏಣಿಯ ಬಳಿಯ ಐದು ನಿಮಿಷದಲ್ಲಿ. ಈ ಮಾರ್ಗದರ್ಶಿ ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲಿಯೇ.

ಇದು ಪ್ರಮಾಣಪತ್ರ ಪಡೆದು, ಬೋಟ್‌ನಿಂದ ಇಳಿದು ಅಭ್ಯಾಸವಿರುವವರಿಗೆ. ಮೊದಲ ಬಾರಿ ಸ್ಕೂಬಾ ಮಾಡಲು ಹೊರಟವರು ಇಂಥ ದಿನ ದಿನಾಂಕವನ್ನೇ ಬದಲಿಸಿಕೊಳ್ಳಲಿ.

ಹಂತ 1: ಹಿಂದಿನ ದಿನ ಮುನ್ಸೂಚನೆ ಓದುವುದು

ಹೆಚ್ಚಿನವರು ಅಲೆಯ ಎತ್ತರವೊಂದನ್ನೇ ನೋಡಿ ಬಿಡುತ್ತಾರೆ. ಆ ಅಂಕಿಯ ಅರ್ಥ ಮೊದಲು ತಿಳಿದಿರಲಿ. ಅದು ಅತಿ ದೊಡ್ಡ ಅಲೆಯ ಎತ್ತರವಲ್ಲ. ಬರುವ ಅಲೆಗಳಲ್ಲಿ ಎತ್ತರವಾದ ಮೂರನೇ ಒಂದು ಭಾಗದ ಸರಾಸರಿ. 1.5 ಮೀಟರ್ ಎಂದು ಬರೆದಿದ್ದರೆ ನಡುನಡುವೆ 3 ಮೀಟರ್‌ಗೆ ಹತ್ತಿರದ ಅಲೆಯೂ ಬರಬಹುದು.

ಎತ್ತರದ ಪಕ್ಕದಲ್ಲಿ ಸೆಕೆಂಡ್‌ಗಳಲ್ಲಿ ಇನ್ನೊಂದು ಅಂಕಿ ಇರುತ್ತದೆ: ಒಂದು ಅಲೆಯ ತಲೆಯಿಂದ ಮುಂದಿನದರ ತಲೆಗೆ ಇರುವ ಅವಧಿ. ನನ್ನ ಮಟ್ಟಿಗೆ ಎತ್ತರಕ್ಕಿಂತ ಹೆಚ್ಚು ಹೇಳುವುದು ಇದೇ. ಆಳ ಸಮುದ್ರದಲ್ಲಿ ಅಲೆಯ ಉದ್ದ ಅವಧಿಯ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 6 ಸೆಕೆಂಡ್‌ನ ಅಲೆ ಸುಮಾರು 56 ಮೀಟರ್ ಉದ್ದ, 12 ಸೆಕೆಂಡ್‌ನದು ಸುಮಾರು 225 ಮೀಟರ್. ಅಲೆಯ ಚಲನೆ ಅದರ ಉದ್ದದ ಅರ್ಧದಷ್ಟು ಆಳದವರೆಗೆ ಇಳಿಯುತ್ತದೆ. ಹಾಗಾಗಿ 6 ಸೆಕೆಂಡ್‌ನ ಅಲೆ ಬೋಟನ್ನು ಕುಟ್ಟಿ ಹಾಕಿದರೂ 25 ಮೀಟರ್ ಕೆಳಗೆ ನೀರು ಬಹುಮಟ್ಟಿಗೆ ಸುಮ್ಮನಿರುತ್ತದೆ. 12 ಸೆಕೆಂಡ್‌ನ ಅಲೆಯಲ್ಲಿ ಬೋಟ್ ಮೆಲ್ಲಗೆ ಏರಿಳಿಯುತ್ತದೆ, ಆದರೆ 10 ಮೀಟರ್ ಆಳದ ಬಂಡೆಯ ಪಕ್ಕ ನೀವು ಹಿಂದಕ್ಕೂ ಮುಂದಕ್ಕೂ ಎಳೆದಾಡಲ್ಪಡುತ್ತೀರಿ. ಎತ್ತರ ಒಂದೇ ಇದ್ದರೂ ಎರಡು ದಿನಗಳ ಕಷ್ಟ ಬೇರೆ ಬೇರೆ.

ಮೂರನೆಯದು ಗಾಳಿ. 11ರಿಂದ 16 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಅಲೆಗಳ ತುದಿಯಲ್ಲಿ ಬಿಳಿ ನೊರೆ ಆಗಾಗ ಕಾಣುತ್ತದೆ. 17ರಿಂದ 21 ನಾಟ್‌ನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ನೊರೆ. ಅಷ್ಟು ನೊರೆಯ ನಡುವೆ ಒಬ್ಬ ಡೈವರ್‌ನ ತಲೆಯನ್ನು ಗುರುತಿಸುವುದು ಬೋಟ್‌ನವರಿಗೆ ಬಹಳ ಕಷ್ಟ. ಸಣ್ಣ ಬೋಟ್ ಆದರೆ ನಾನು ಅಲ್ಲಿಗೇ ಕೈಬಿಡುತ್ತೇನೆ. ಗಾಳಿ ಒಂದು ದಿಕ್ಕಿಗೆ, ನೀರಿನ ಸೆಳೆತ ಅದಕ್ಕೆ ಎದುರು ದಿಕ್ಕಿಗೆ ಇದ್ದರೆ ಅಲೆಗಳು ಕಡಿದಾಗಿ ಏಳುತ್ತವೆ; ಮುನ್ಸೂಚನೆಯ ಎತ್ತರ ಸಣ್ಣದಿದ್ದರೂ ನಂಬಬೇಡಿ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏರುವ ಸೂಚನೆ ಇದ್ದರೆ ಮರಳುವ ಸಮಯದ ಅಂಕಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 2: ಹಿಂದಿನ ರಾತ್ರಿ ಮಾತ್ರೆ ಮತ್ತು ಚೀಲ

ಓಲಾಟದ ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಹೆಚ್ಚಾಗಿ ವ್ಯರ್ಥ. ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್, ಸಿನ್ನಾರಿಜಿನ್ ಇವೆಲ್ಲ ಮುಂಚಿತವಾಗಿ ತೆಗೆದುಕೊಂಡರಷ್ಟೇ ಕೆಲಸ ಮಾಡುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಗೆ ಕನಿಷ್ಠ 4 ಗಂಟೆ ಬೇಕು. ಪಟ್ಟಿ ಮುಟ್ಟಿದ ಬೆರಳಿನಿಂದ ಕಣ್ಣು ಉಜ್ಜಿಕೊಂಡರೆ ದೃಷ್ಟಿ ಮಸುಕಾಗುತ್ತದೆ. ಅಂಟಿಸಿದ ಕೂಡಲೇ ಕೈ ತೊಳೆಯಿರಿ.

ಈ ಔಷಧಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ಆಳದಲ್ಲಿ ನೈಟ್ರೋಜನ್ ತರುವ ಮಂಪರಿನ ಜೊತೆ ಇದೂ ಸೇರಿದರೆ ತೊಂದರೆ. ಡೈವಿಂಗ್ ತಿಳಿದ ವೈದ್ಯರನ್ನು ಕೇಳಿ, ಡೈವ್ ಇಲ್ಲದ ದಿನ ಒಮ್ಮೆ ತೆಗೆದುಕೊಂಡು ದೇಹ ಹೇಗೆ ಸ್ಪಂದಿಸುತ್ತದೆ ಎಂದು ನೋಡಿಕೊಂಡಿರಬೇಕು. ಗ್ಲಾಕೋಮಾ ಇರುವವರು ಸ್ಕೋಪೊಲಮೈನ್ ಬಳಸಬಾರದು.

ಚೀಲದಲ್ಲಿ ಮಾಮೂಲಿ ಸಾಮಾನುಗಳ ಜೊತೆ ಇವು ಇರಲೇಬೇಕು: ನೀರಿನಡಿಯಿಂದ ಮೇಲಕ್ಕೆ ಬಿಡುವ ಕಿತ್ತಳೆ ಅಥವಾ ಕೆಂಪು ಬಣ್ಣದ ಸಿಗ್ನಲ್ ಟ್ಯೂಬ್, ಅದಕ್ಕೆ ದಾರದ ಸುರುಳಿ, ಸೀಟಿ, ಸಣ್ಣ ಕನ್ನಡಿ, ಕೈಗವಸು, ಇನ್ನೊಂದು ಮಾಸ್ಕ್, ಗಾಳಿ ತಡೆಯುವ ಜಾಕೆಟ್. ಕ್ಯಾಮೆರಾ ಮನೆಯಲ್ಲಿರಲಿ. ಎರಡು ಕೈಗೂ ಕೆಲಸವಿರುವ ದಿನ ಅದು.

ಹಂತ 3: ಹೊರಡುವ ಮುನ್ನ ಏಣಿ ನೋಡಿ ನಿರ್ಧರಿಸಿ

ಅಲೆಯಲ್ಲಿ ನೀರಿಗೆ ಹಾರುವುದು ಯಾರಿಗಾದರೂ ಆಗುತ್ತದೆ. ದಣಿದ ಮೇಲೆ, ಸುಮಾರು 25 ಕಿಲೋ ಭಾರ ಹೊತ್ತು, ಮೇಲೆ ಕೆಳಗೆ ಹೊಡೆಯುತ್ತಿರುವ ಏಣಿ ಹತ್ತುವುದು ಬೇರೆ ಮಾತು. ಆದ್ದರಿಂದ "ಇಳಿಯಬಲ್ಲೆನೇ" ಎಂದು ಕೇಳಿಕೊಳ್ಳಬೇಡಿ, "ಹತ್ತಬಲ್ಲೆನೇ" ಎಂದು ಕೇಳಿಕೊಳ್ಳಿ. ಬೋಟ್ ಕಟ್ಟಿ ನಿಂತಿರುವಾಗಲೇ ಹಿಂಭಾಗಕ್ಕೆ ಹೋಗಿ ಏಣಿ ನೋಡಿ. ನೀರಿನೊಳಗೆ ಎಷ್ಟು ಮೆಟ್ಟಿಲು ಇಳಿಯುತ್ತದೆ? ಒಂದೋ ಎರಡೋ ಮೆಟ್ಟಿಲಷ್ಟೇ ಮುಳುಗುವ ಏಣಿಯ ಬುಡ ಅಲೆ ಬಂದಾಗ ನೀರಿನಿಂದ ಪೂರ್ತಿ ಮೇಲೆದ್ದು ನಿಮ್ಮ ತಲೆಯ ಮೇಲೆ ಬೀಳಬಹುದು. ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಹಾಕಿಕೊಂಡೇ ಹತ್ತಬಹುದಾದ, ನಡುವೆ ಒಂದೇ ಕಂಬವಿರುವ ಏಣಿಯೇ? ಬೋಟ್‌ನಲ್ಲಿ ಆಮ್ಲಜನಕದ ಪೆಟ್ಟಿಗೆ ಎಲ್ಲಿದೆ? ಎಲ್ಲರೂ ನೀರಿನಲ್ಲಿರುವಾಗ ಚುಕ್ಕಾಣಿಯವನಲ್ಲದೆ ಇನ್ನೊಬ್ಬರು ಬೋಟ್‌ನಲ್ಲಿ ಉಳಿಯುತ್ತಾರೆಯೇ? ಕೊನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ ಹಣ ಹೋದರೆ ಹೋಗಲಿ, ನಾನಂತೂ ಹತ್ತುವುದಿಲ್ಲ.

ಇಲ್ಲಿಯೇ ಸಿಲಿಂಡರ್, ಬಿಸಿಡಿ (ಗಾಳಿ ತುಂಬಿ, ಬಿಟ್ಟು ತೇಲುವಿಕೆ ಹೊಂದಿಸುವ ಜಾಕೆಟ್), ರೆಗ್ಯುಲೇಟರ್ ಜೋಡಿಸಿ ಮುಗಿಸಿ. ಕವಾಟ ಪೂರ್ತಿ ತೆರೆದು ಒತ್ತಡ ನೋಡಿ. ತುಂಬಿದ ಸಿಲಿಂಡರ್ 200 ಬಾರ್ ಆಸುಪಾಸು ತೋರಿಸಬೇಕು. ಬಳಿಕ ಎರಡೂ ರೆಗ್ಯುಲೇಟರ್‌ಗಳಿಂದ (ಒಂದು ನಿಮಗೆ, ಇನ್ನೊಂದು ತುರ್ತಿಗೆ) ನಾಲ್ಕು ಬಾರಿ ಆಳವಾಗಿ ಉಸಿರೆಳೆಯಿರಿ. ಕಣ್ಣು ಮಾಪಕದ ಮೇಲಿರಲಿ. ಎಳೆದಾಗ ಮುಳ್ಳು ಕುಸಿದು ಬಿಟ್ಟಾಗ ಮತ್ತೆ ಏರಿದರೆ ಕವಾಟ ಸ್ವಲ್ಪವೇ ತೆರೆದಿದೆ ಎಂದರ್ಥ. ದೋಷ ಕಂಡರೆ ಸರಿಪಡಿಸಲು ಇದೇ ಕೊನೆಯ ಸಮತಟ್ಟಾದ ಜಾಗ.

ಜೋಡಿಸಿದ ಸಿಲಿಂಡರನ್ನು ಸ್ಟ್ಯಾಂಡ್‌ಗೆ ಪಟ್ಟಿಯಿಂದ ಬಿಗಿಯಿರಿ. ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕಗಳು ಬೆಂಚಿನ ಮೇಲೆ ಬೇಡ, ನೆಲದ ಮೇಲಿರಲಿ. ಬೆಂಚಿನಿಂದ ಜಾರಿದ ತೂಕ ಪಕ್ಕದವರ ಕಾಲ್ಬೆರಳನ್ನು ಪುಡಿ ಮಾಡುತ್ತದೆ.

ಹಂತ 4: ಪ್ರಯಾಣದಲ್ಲಿ ಕೂರುವ ಜಾಗ

ಬೋಟ್‌ನ ನಡುಭಾಗ, ಕೆಳಗಿನ ಮಟ್ಟ: ಓಲಾಟ ಎಲ್ಲಕ್ಕಿಂತ ಕಡಿಮೆ ಇರುವುದು ಅಲ್ಲಿ. ಡೀಸೆಲ್ ಹೊಗೆ ಬರುವ ಕಡೆ ಬೇಡ, ಮುಚ್ಚಿದ ಕೋಣೆಯೂ ಬೇಡ. ಒಳಗಿವಿಗೆ ಚಲನೆ ಗೊತ್ತಾಗುತ್ತಿರುವಾಗ ಕಣ್ಣಿಗೆ ನಿಶ್ಚಲ ನೆಲ ಕಂಡರೆ ಮೆದುಳು ಗೊಂದಲಕ್ಕೆ ಬೀಳುತ್ತದೆ. ವಾಕರಿಕೆಯ ಮೂಲ ಅದೇ. ದೃಷ್ಟಿ ದಿಗಂತದ ಮೇಲಿರಲಿ, ಮೊಬೈಲ್ ಚೀಲದಲ್ಲಿರಲಿ.

ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಭರ್ತಿಯೂ ಬೇಡ. ನೀರು ಗುಟುಕು ಗುಟುಕಾಗಿ ಕುಡಿಯಿರಿ. ಒಂದೇ ಸಲಕ್ಕೆ ಲೀಟರ್‌ಗಟ್ಟಲೆ ಕುಡಿಯುವುದರಿಂದ ಪ್ರಯೋಜನವಿಲ್ಲ. ವಾಂತಿ ಬಂದರೆ ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಯಾರಾದರೂ ನಿಮ್ಮನ್ನು ಹಿಡಿದುಕೊಂಡಿರುವಾಗ ಅಂಚಿಗೆ ಬಗ್ಗಿ. ಶೌಚಾಲಯಕ್ಕೆ ಓಡಬೇಡಿ, ಒಳಗೆ ಹೋದವರು ಇನ್ನಷ್ಟು ಕೆಟ್ಟು ಹೊರಬರುತ್ತಾರೆ.

ಒಮ್ಮೆ ವಾಂತಿಯಾಗಿ ಹಗುರಾದವರು ನೀರಿನಡಿ ಚೇತರಿಸಿಕೊಳ್ಳುವುದುಂಟು. ನಿಲ್ಲದೆ ವಾಂತಿ, ನಡುಕ, ತಲೆಸುತ್ತು ಇದ್ದರೆ ಇಳಿಯುವ ಮಾತೇ ಇಲ್ಲ.

ಹಂತ 5: ಬೋಟ್ ನಿಲ್ಲುವ ಹತ್ತು ನಿಮಿಷ ಮುಂಚೆ

ಓಡುತ್ತಿರುವ ಬೋಟ್‌ಗಿಂತ ನಿಂತ ಬೋಟ್ ಹೆಚ್ಚು ಹೊಯ್ದಾಡುತ್ತದೆ. ಎಂಜಿನ್‌ನ ದಬ್ಬುವಿಕೆ ನಿಂತ ಕೂಡಲೇ ಅದು ಅಲೆಗೆ ಮಗ್ಗುಲಾಗಿ ತಿರುಗಿ ತೊಟ್ಟಿಲಿನಂತೆ ತೂಗತೊಡಗುತ್ತದೆ. ಹಾಗಾಗಿ ಜಾಗ ತಲುಪಲು ಹತ್ತು ನಿಮಿಷವಿದೆ ಎಂದು ಸಿಬ್ಬಂದಿಯಿಂದ ಕೇಳಿ ತಿಳಿದು, ಆಗಲೇ ತಯಾರಾಗಿ. ಕ್ರಮ ಹೀಗಿರಲಿ:

1. ವೆಟ್‌ಸೂಟ್ ಸೊಂಟದವರೆಗೆ ಮೊದಲೇ ಹಾಕಿಕೊಂಡಿರಬೇಕು. ಈಗ ತೋಳು ತೂರಿಸಿ, ಜಿಪ್ ಮಾತ್ರ ಕೊನೆಗೆ. ಬಿಸಿಲಿನಲ್ಲಿ ಬಿಗಿ ಸೂಟ್ ಧರಿಸಿ ಕುಳಿತರೆ ಸೆಕೆಯೇ ವಾಕರಿಕೆ ತರುತ್ತದೆ.
2. ಮಾಸ್ಕ್ ಕುತ್ತಿಗೆಯಲ್ಲಿ, ಗಾಜು ಒರೆಸಿ ಸಿದ್ಧವಾಗಿ.
3. ತೂಕದ ಪಟ್ಟಿ, ಬಳಿಕ ಕುಳಿತಲ್ಲಿಯೇ ಬಿಸಿಡಿಗೆ ತೋಳು. ನಿಂತು ಹೊತ್ತುಕೊಳ್ಳುವ ಸಾಹಸ ಬೇಡ.
4. ಜೊತೆಗಾರನೊಂದಿಗೆ ಪರಸ್ಪರ ತಪಾಸಣೆ: ಬಿಸಿಡಿಗೆ ಗಾಳಿ ತುಂಬುತ್ತದೆಯೇ, ಹೊರಬಿಡುತ್ತದೆಯೇ, ತೂಕ ಕಳಚುವುದು ಹೇಗೆ, ಕೊಕ್ಕೆಗಳು ಎಲ್ಲಿ, ಸಿಲಿಂಡರ್‌ನಲ್ಲಿ ಗಾಳಿ ಎಷ್ಟು. ಮುಳ್ಳು ನೋಡುತ್ತಾ ಮತ್ತೊಮ್ಮೆ ಉಸಿರಾಡಿ. ಕವಾಟವನ್ನು ಯಾರೋ "ಸಹಾಯಕ್ಕೆಂದು" ತಿರುಗಿಸಿರುವುದು ಅಪರೂಪವೇನಲ್ಲ.
5. ಫಿನ್ ಎಲ್ಲಕ್ಕಿಂತ ಕೊನೆಗೆ, ಅಂಚಿನ ಬಳಿ. ಫಿನ್ ಹಾಕಿಕೊಂಡು ಹೊಯ್ದಾಡುವ ನೆಲದ ಮೇಲೆ ನಡೆದವರೇ ಬೀಳುವುದು.

ಇಷ್ಟಾದ ಮೇಲೂ ಒಳಗೊಳಗೆ ಬೇಡವೆನಿಸಿದರೆ ಹೇಳಿಬಿಡಿ. ಯಾವ ಡೈವರ್ ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಕೊಡದೆ ಡೈವ್ ಕೈಬಿಡಬಹುದು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ನಿಯಮ. ಅದನ್ನು ಹಾಸ್ಯ ಮಾಡುವವರ ಜೊತೆ ಇನ್ನೊಮ್ಮೆ ಹೋಗಬೇಡಿ.

ಹಂತ 6: ನೀರಿಗೆ ಇಳಿಯುವುದು

ಸಿಬ್ಬಂದಿ ಸೂಚನೆ ಕೊಡುವವರೆಗೆ ಕಾಯಿರಿ. ಎಂಜಿನ್ ನ್ಯೂಟ್ರಲ್‌ನಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ, ನಿಮಗಲ್ಲ. ಹೆಜ್ಜೆ ಹಾಕಿ ಇಳಿಯುವ ಬೋಟ್ ಆದರೆ ಅಂಚು ನೀರಿನ ಸಮೀಪಕ್ಕೆ ಬಂದಾಗ ಹೆಜ್ಜೆ ಇಡಿ. ಮೇಲೆದ್ದಾಗ ಇಟ್ಟರೆ ಎರಡು ಮೀಟರ್ ಕೆಳಕ್ಕೆ ಬೀಳುತ್ತೀರಿ. ಸಣ್ಣ ಬೋಟ್‌ನಿಂದ ಹಿಂದಕ್ಕೆ ಉರುಳುವುದಾದರೆ ಎಲ್ಲರೂ ಒಂದೇ ಎಣಿಕೆಗೆ ಉರುಳಬೇಕು. ತಡವಾಗಿ ಉರುಳಿದವನು ಮುಂಚೆ ಬಿದ್ದವನ ತಲೆಯ ಮೇಲೆ ಬೀಳುತ್ತಾನೆ.

ಒಂದು ಅಂಗೈಯಿಂದ ರೆಗ್ಯುಲೇಟರನ್ನೂ ಅದೇ ಕೈಯ ಬೆರಳುಗಳಿಂದ ಮಾಸ್ಕನ್ನೂ ಒತ್ತಿ ಹಿಡಿಯಿರಿ, ಇನ್ನೊಂದು ಕೈ ಪಟ್ಟಿಯ ಮೇಲಿರಲಿ. ಬಿಸಿಡಿಯಲ್ಲಿ ಸ್ವಲ್ಪ ಗಾಳಿ ಇರಬೇಕು. ಗಾಳಿ ಖಾಲಿ ಮಾಡಿ ನೇರ ಮುಳುಗುವ ಪದ್ಧತಿ ನುರಿತವರಿಗೆ ಮಾತ್ರ. ಕವಾಟ ಮುಚ್ಚಿದ್ದವನು ಹಾಗೆ ಹಾರಿದರೆ ಉಸಿರೂ ಇಲ್ಲ, ತೇಲುವಿಕೆಯೂ ಇಲ್ಲ.

ಮೇಲೆ ಬಂದ ಕೂಡಲೇ ತಲೆಯ ಮೇಲೆ ಮುಷ್ಟಿ ಇಟ್ಟು ಸರಿ ಇದ್ದೇನೆ ಎಂದು ತೋರಿಸಿ ಬೋಟ್‌ನಿಂದ ಸರಿದುಬಿಡಿ. ಹಿಂದೆ ತೇಲಬಿಟ್ಟ ಹಗ್ಗ ಹಿಡಿದು ಜೊತೆಗಾರನಿಗಾಗಿ ಕಾಯಿರಿ. ರೆಗ್ಯುಲೇಟರ್ ಬಾಯಲ್ಲೇ ಇರಲಿ. ಮಾತಾಡಲೆಂದು ತೆಗೆದವರು ಮುಂದಿನ ಅಲೆಯನ್ನು ಕುಡಿಯುತ್ತಾರೆ.

ಹಂತ 7: ಲಂಗರು ಹಗ್ಗದ ಪಕ್ಕದಲ್ಲಿ ಕೆಳಕ್ಕೆ

ಮೇಲಿನ ಐದು ಮೀಟರ್ ಅತಿ ಕೆಟ್ಟದ್ದು. ಬೇಗ ದಾಟಬೇಕೆನಿಸುತ್ತದೆ, ಆದರೆ ಕಿವಿ ಆ ಆತುರಕ್ಕೆ ಒಪ್ಪುವುದಿಲ್ಲ. ಕಾಲು ಕೆಳಗಾಗಿ ಇಳಿಯುತ್ತಾ ಮೊದಲ ಮೀಟರ್‌ನಿಂದಲೇ ಕಿವಿಯ ಒತ್ತಡ ಸಮ ಮಾಡಿಕೊಳ್ಳಿ. ನೋವು ಬಂದರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಿ.

ಬೋಟ್ ಏರಿದಾಗಲೆಲ್ಲ ಹಗ್ಗ ಝಾಡಿಸುತ್ತದೆ. ಬೆರಳುಗಳ ನಡುವೆ ಸಡಿಲವಾಗಿ, ತೋಳು ಚಾಚಿ ಹಿಡಿಯಿರಿ. ಸುತ್ತಿಕೊಳ್ಳಬೇಡಿ, ಕೈಗವಸು ಇಲ್ಲದೆ ಮುಟ್ಟಬೇಡಿ. ತಳದ ಸರಪಳಿ ಎದ್ದು ಬಂಡೆಗೆ ಅಪ್ಪಳಿಸುತ್ತಿರುತ್ತದೆ. ಅದರಿಂದ ದೂರವಿರಿ.

ಹಂತ 8: ತಳದಲ್ಲಿ

ನೀರು ಹಿಂದಕ್ಕೆ ಎಳೆದಾಗ ಈಜಬೇಡಿ, ಮುಂದಕ್ಕೆ ತಳ್ಳಿದಾಗ ಫಿನ್ ಆಡಿಸಿ. ಎಳೆತದ ವಿರುದ್ಧ ಒದ್ದಾಡಿದವರ ಗಾಳಿ ಅರ್ಧ ಸಮಯಕ್ಕೇ ಮುಗಿಯುತ್ತದೆ. ಗುಹೆ, ಬಂಡೆಗಳ ಸಂದು, ಚಾಚಿದ ಕಲ್ಲಿನ ಅಡಿ ಇವತ್ತಿಗೆ ನಿಷಿದ್ಧ. ನೀರು ಕಲಕಿರುತ್ತದೆ, ಜೊತೆಗಾರ ಎರಡು ತೋಳಿನ ದೂರದಲ್ಲಿರಲಿ. ಕಾಣದಾದರೆ ಒಂದು ನಿಮಿಷ ಹುಡುಕಿ, ನಂತರ ಮೇಲೇರಿ.

ಗಾಳಿಯ ಲೆಕ್ಕ ಬದಲಿಸಿ. 200 ಬಾರ್‌ನಿಂದ ಶುರು ಮಾಡಿದರೆ 120ಕ್ಕೆ ಹಿಂದಿರುಗಿ, 70 ಬಾರ್ ಉಳಿಸಿಕೊಂಡು ನೀರಿನ ಮೇಲೆ ಬನ್ನಿ. 12 ಲೀಟರ್ ಸಿಲಿಂಡರ್‌ನಲ್ಲಿ 70 ಬಾರ್ ಎಂದರೆ 840 ಲೀಟರ್ ಗಾಳಿ. ಏದುಸಿರಿನಲ್ಲಿ ನಿಮಿಷಕ್ಕೆ 30 ಲೀಟರ್ ಖರ್ಚಾದರೂ ಅಲೆಗಳ ನಡುವೆ ಸುಮಾರು 28 ನಿಮಿಷ ಕಾಯಬಹುದು. ಅಂಥ ನೀರಿನಲ್ಲಿ ಸ್ನಾರ್ಕೆಲ್ ಕೆಲಸಕ್ಕೆ ಬರುವುದಿಲ್ಲ.

ಕೆಳಗೆ ವಾಂತಿ ಬಂದರೆ ರೆಗ್ಯುಲೇಟರ್ ತೆಗೆಯಬೇಡಿ. ಅದನ್ನು ಬಾಯಿಗೆ ಒತ್ತಿ ಹಿಡಿದು ಅದರ ಮೂಲಕವೇ ವಾಂತಿ ಮಾಡಿ, ಗುಂಡಿ ಒತ್ತಿ ತೊಳೆದು, ಮೊದಲ ಉಸಿರನ್ನು ನಾಲಿಗೆ ಅಡ್ಡ ಇಟ್ಟು ಮೆಲ್ಲಗೆ ಎಳೆಯಿರಿ. ಕಟ್ಟಿಕೊಂಡರೆ ಎರಡನೆಯ ರೆಗ್ಯುಲೇಟರ್‌ಗೆ ಬದಲಿಸಿ.

ತಕ್ಷಣ ಮುಗಿಸಬೇಕಾದ ಸೂಚನೆಗಳು: ಹತೋಟಿಗೆ ಬರದ ಏದುಸಿರು, ಕೆಮ್ಮು, ಎದೆಯಲ್ಲಿ ಗುರುಗುಟ್ಟುವ ಸದ್ದು. ಕೊನೆಯ ಎರಡು, ನೀರಿನಲ್ಲಿರುವಾಗಲೇ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ಅಪಾಯದ ಲಕ್ಷಣವಾಗಿರಬಹುದು. ನೊರೆ ಅಥವಾ ಗುಲಾಬಿ ಬಣ್ಣದ ಕಫ ಬಂದರೆ ಸಂಶಯವೇ ಬೇಡ: ನೀರಿನಿಂದ ಹೊರಕ್ಕೆ, ಆಮ್ಲಜನಕ, ಆಸ್ಪತ್ರೆ.

ಹಂತ 9: ಮೇಲೇರುವುದು

ನಿಮಿಷಕ್ಕೆ 9 ಮೀಟರ್‌ಗಿಂತ ವೇಗ ಬೇಡ. ದೇಹ ಹೀರಿಕೊಂಡ ನೈಟ್ರೋಜನ್ ಹೊರಹೋಗಲೆಂದು ಸಾಮಾನ್ಯವಾಗಿ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುತ್ತೇವೆ. ದೊಡ್ಡ ಅಲೆಯಿದ್ದರೆ 6 ಮೀಟರ್‌ನಲ್ಲಿ ನಿಲ್ಲುವುದು ಸಲೀಸು. ಅಲೆ ತಲೆಯ ಮೇಲೆ ಹಾದುಹೋದಂತೆ ಕೈಯಲ್ಲಿ ಕಟ್ಟಿದ ಡೈವ್ ಕಂಪ್ಯೂಟರ್‌ನಲ್ಲಿ ಆಳದ ಅಂಕಿ ಏರಿಳಿಯುತ್ತದೆ, ಅದರ ಹಿಂದೆ ಬೀಳಬೇಡಿ. ಉಸಿರು ಮಾತ್ರ ಒಂದು ಕ್ಷಣವೂ ಹಿಡಿಯಕೂಡದು.

ಸಿಗ್ನಲ್ ಟ್ಯೂಬನ್ನು ನಿಲ್ಲುವ ಆಳಕ್ಕೆ ಬರುವ ಮುಂಚೆಯೇ, 10 ಮೀಟರ್ ಸುಮಾರಿಗೆ ಬಿಡಿ. ದಾರದ ಸುರುಳಿ ಕೈಯಲ್ಲಿರಲಿ, ದೇಹಕ್ಕೆ ಸಿಕ್ಕಿಸಬೇಡಿ. ಸಿಕ್ಕಿಕೊಂಡರೆ ಟ್ಯೂಬ್ ನಿಮ್ಮನ್ನೂ ಮೇಲಕ್ಕೆಳೆಯುತ್ತದೆ. ಬಳಿಕ ಸುತ್ತ ತಿರುಗಿ ನೋಡಿ, ಎಂಜಿನ್ ಸದ್ದಿಗೆ ಕಿವಿಗೊಟ್ಟು, ಒಂದು ಕೈ ಮೇಲೆತ್ತಿ ಹೊರಬನ್ನಿ.

ಬೋಟ್ ದೂರವಿದ್ದರೆ: ಬಿಸಿಡಿ ಪೂರ್ತಿ ತುಂಬಿ, ಟ್ಯೂಬ್ ನೆಟ್ಟಗೆ ಹಿಡಿದು, ಜೊತೆಗಾರನನ್ನು ಕೈಯಲ್ಲಿ ಹಿಡಿದು ತೇಲಿ. ಸೀಟಿ, ಕನ್ನಡಿ ಬಳಸಿ. ತೇಲಲು ಕಷ್ಟವಾದರೆ ತೂಕ ಬಿಸಾಡಿ. ಸೆಳೆತದ ವಿರುದ್ಧ ಬೋಟ್ ಹಿಂದೆ ಈಜಬೇಡಿ, ದಣಿವಷ್ಟೇ ಸಿಗುತ್ತದೆ. ಮಾಸ್ಕನ್ನು ಹಣೆಗೇರಿಸಬೇಡಿ: ಅಲೆ ಅದನ್ನು ಒಯ್ಯುತ್ತದೆ, ಜೊತೆಗೆ ಅದು ಸಂಕಟದಲ್ಲಿರುವವರ ಲಕ್ಷಣವೆಂದು ಸಿಬ್ಬಂದಿ ತಿಳಿಯುತ್ತಾರೆ.

ಹಂತ 10: ಏಣಿ

1. ತೇಲುವ ಹಗ್ಗ ಹಿಡಿದು ಸರದಿಗೆ ಕಾಯಿರಿ. ಸಿಬ್ಬಂದಿ ಕರೆದ ಮೇಲೆ ಒಬ್ಬೊಬ್ಬರೇ ಹೋಗಬೇಕು.
2. ಏಣಿಯ ಪಕ್ಕಕ್ಕೆ ಒಂದು ತೋಳಿನ ದೂರದಲ್ಲಿ ನಿಂತು ಎರಡು ಮೂರು ಅಲೆ ನೋಡಿ, ಲಯ ಹಿಡಿಯಿರಿ. ಬೋಟ್‌ನ ಅಡಿಗೆ ತಲೆ ಹೋಗದಂತೆ ಒಂದು ಕೈ ಮುಂದಿರಲಿ.
3. ಹಿಂಭಾಗ ತಗ್ಗಿ ಏಣಿ ಆಳಕ್ಕೆ ಮುಳುಗಿದಾಗ ಎರಡೂ ಕೈಯಿಂದ ಹಿಡಿಯಿರಿ. ಸಾಮಾನ್ಯ ಏಣಿಯಾದರೆ ಹಿಡಿತ ಬಿಡದೆ ಫಿನ್ ತೆಗೆದು ಕೊಡಿ. ಹಿಡಿತ ಸಿಗುವ ಮುಂಚೆ ಫಿನ್ ತೆಗೆದವನು ಅಲೆಯ ಪಾಲು.
4. ಬೋಟ್ ಏರುವಾಗ ಮೈ ಭಾರವಾಗುತ್ತದೆ; ಆಗ ಮೊಣಕೈ ಮಡಚಿ ಗಟ್ಟಿಯಾಗಿ ಹಿಡಿದುಕೊಂಡಿರಿ, ಅಷ್ಟೇ. ಇಳಿಯತೊಡಗಿದಾಗ ಮೈ ಹಗುರಾಗುತ್ತದೆ. ಮೆಟ್ಟಿಲೇರುವುದು ಆಗ.
5. ಬೆಂಚಿನ ಮೇಲೆ ಕುಳಿತ ನಂತರವೇ ರೆಗ್ಯುಲೇಟರ್ ಬಾಯಿಂದ ತೆಗೆಯಿರಿ.

ಹತ್ತುತ್ತಿರುವವನ ಕೆಳಗೆ ಯಾರೂ ಇರಬಾರದು. ಸಿಲಿಂಡರ್ ಸಮೇತ ಅವನು ಬಿದ್ದರೆ ಪೆಟ್ಟು ಬೀಳುವುದು ಕೆಳಗಿನವನಿಗೆ. ಜಾರಿಬಿದ್ದರೆ ಮತ್ತೆ ಹಿಡಿಯಲು ತಡಕಾಡದೆ ದೂರ ಸರಿದು, ಹೊಸದಾಗಿ ಬನ್ನಿ. ದಣಿದಿದ್ದರೆ ತೂಕವನ್ನು, ಬಳಿಕ ಬಿಸಿಡಿಯನ್ನು ನೀರಿನಲ್ಲೇ ಕಳಚಿ ಕೊಡಿ. ಅದರಲ್ಲಿ ನಾಚಿಕೆ ಏನಿದೆ? ಗಾಳಿ ತುಂಬಿದ ರಬ್ಬರ್ ಬೋಟ್‌ಗೆ ಎಲ್ಲರೂ ಹಾಗೆಯೇ ಹತ್ತುವುದು. ಅಲ್ಲಿ ಮಾತ್ರ ಫಿನ್ ಉಳಿಸಿಕೊಳ್ಳಿ, ಮೈ ಮೇಲೆತ್ತಲು ಒದೆಯಬೇಕಲ್ಲ.

ಹಂತ 11: ಎಣಿಕೆ ಮತ್ತು ಎರಡನೆಯ ಡೈವ್

ಹೊರಡುವ ಮುನ್ನ ಹೆಸರು ಕೂಗಿ, ಪ್ರತಿಯೊಬ್ಬರೂ ತಾವೇ ಉತ್ತರಿಸಬೇಕು. ಪಕ್ಕದವನ ಪರವಾಗಿ "ಇದ್ದಾನೆ" ಎನ್ನುವುದು ಬೇಡ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಎಣಿಕೆ ತಪ್ಪಿದ ಬೋಟೊಂದು ಇಬ್ಬರನ್ನು ಬಿಟ್ಟು ಮರಳಿತು. ಗೊತ್ತಾದದ್ದು ಎರಡು ದಿನದ ಬಳಿಕ. ಅವರು ಸಿಗಲೇ ಇಲ್ಲ.

ಒದ್ದೆ ಸೂಟ್ ಕಳಚಿ ಜಾಕೆಟ್ ಹಾಕಿಕೊಳ್ಳಿ. ಎರಡನೆಯ ಡೈವ್ ಬಗ್ಗೆ ಮೊದಲಿನದು ಹೇಗಿತ್ತು ಎಂದು ನೋಡಿ ನಿರ್ಧರಿಸಬೇಡಿ. ನೋಡಬೇಕಾದದ್ದು ಗಾಳಿ ಏರಿದೆಯೇ, ಕೈ ನಡುಗುತ್ತಿದೆಯೇ, ಈಗಿನ ತೋಳಿನಿಂದ ಮತ್ತೊಮ್ಮೆ ಆ ಏಣಿ ಹತ್ತಲು ಆಗುತ್ತದೆಯೇ ಎಂಬುದನ್ನು.

ಹಂತ 12: ದಡ ಸೇರಿದ ಮೇಲೆ

ದಣಿವು, ತಲೆಸುತ್ತು, ವಾಕರಿಕೆಯನ್ನೆಲ್ಲ ಓಲಾಟದ ಲೆಕ್ಕಕ್ಕೆ ಬರೆದುಬಿಡುವುದು ಈ ದಿನದ ಕೊನೆಯ, ಅಪಾಯಕಾರಿ ತಪ್ಪು. ಓಲಾಟದ ತೊಂದರೆ ಗಟ್ಟಿ ನೆಲದ ಮೇಲೆ ಇಳಿಯುತ್ತಾ ಹೋಗುತ್ತದೆ. ಕೀಲುನೋವು, ಜೋಮು, ಚರ್ಮದ ಮೇಲೆ ಮಚ್ಚೆ, ಕೈಕಾಲಿನ ನಿಶ್ಶಕ್ತಿ, ಮೂತ್ರ ಕಟ್ಟಿಕೊಳ್ಳುವುದು ಇವುಗಳಲ್ಲಿ ಯಾವುದಿದ್ದರೂ ಡಿಕಂಪ್ರೆಷನ್ ಕಾಯಿಲೆ (ದೇಹ ಹೀರಿಕೊಂಡ ನೈಟ್ರೋಜನ್ ಗುಳ್ಳೆಗಟ್ಟುವ ತೊಂದರೆ) ಎಂದೇ ಭಾವಿಸಿ ಮಲಗಿಸಿ, ಶುದ್ಧ ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಎಷ್ಟು ಆಳ, ಎಷ್ಟು ಹೊತ್ತು ಎಂಬುದು ದಾಖಲಾಗಿರುವ ಡೈವ್ ಕಂಪ್ಯೂಟರ್ ಜೊತೆಗಿರಲಿ.

ಡೈವ್ ನಂತರ ವಿಮಾನ ಹತ್ತುವ ಬಗ್ಗೆ, ಡೈವರ್‌ಗಳ ಸುರಕ್ಷತೆಗೆ ದುಡಿಯುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಹೀಗಿದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು.

ಮಲಗುವ ಮುಂಚೆ ಲಾಗ್ ಪುಸ್ತಕದಲ್ಲಿ ಮುನ್ಸೂಚನೆಯ ಎತ್ತರ, ಅವಧಿ, ಗಾಳಿಯ ವೇಗ ಬರೆದು, ಪಕ್ಕದಲ್ಲೇ ಏಣಿ ಹಿಡಿದಾಗ ಉಳಿದಿದ್ದ ಬಾರ್ ಎಷ್ಟೆಂದು ಬರೆಯಿರಿ. ಮುಂದಿನ ಸಲ ಅದೇ ಅಂಕಿಗಳು ಕಂಡಾಗ ಹೋಗಬೇಕೇ ಬೇಡವೇ ಎಂದು ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ.